ಅಳತೆ ತಪ್ಪಿದ ಮೌನ

ಆ ಊರಿನ ಮೇಳದಲ್ಲಿ ಸತ್ತವರ ಜಾಗಕ್ಕೆ ಬೇರೆ ಯಾರೂ ಬರುತ್ತಿರಲಿಲ್ಲ. ಅಲ್ಲಿಯ ಕಟ್ಟಳೆ ಹಾಗಿತ್ತು.

ಹೊಳೆ ತಿರುಗುವ ಕಡೆ ಊರು, ಊರ ನಡುವೆ ಕಲ್ಲಿನ ಮಂಟಪ. ಪ್ರತಿ ಹುಣ್ಣಿಮೆಯ ಸಂಜೆ ಮೇಳ ಆ ಮಂಟಪದಲ್ಲಿ ಕೂಡುತ್ತಿತ್ತು, ಕೂಡಿ ಒಂದೇ ಒಂದು ಕೃತಿಯನ್ನು ನುಡಿಸುತ್ತಿತ್ತು. ಆ ಕೃತಿಗೆ ಹೆಸರಿರಲಿಲ್ಲ. ಜನ ಅದನ್ನು 'ದೊಡ್ಡದು' ಎನ್ನುತ್ತಿದ್ದರು. ಬಿಸಿಲು ಮಂಟಪದ ಗೋಡೆಯಿಂದ ಇಳಿಯುವಾಗ ಅದು ಶುರುವಾಗುತ್ತಿತ್ತು, ಚಂದ್ರ ಕಿಟಕಿಗೆ ಬರುವ ಹೊತ್ತಿಗೆ ಮುಗಿಯುತ್ತಿತ್ತು.

ವಾದ್ಯದವರಲ್ಲಿ ಒಬ್ಬರು ಸತ್ತರೆ ಅವರ ಮಣೆಯನ್ನು ಯಾರೂ ಎತ್ತುತ್ತಿರಲಿಲ್ಲ. ಮಣೆಯ ಮೇಲೆ ಅವರ ಶಾಲು, ಶಾಲಿನ ಮೇಲೆ ಅವರ ವಾದ್ಯ. ಕೃತಿ ಸಾಗುತ್ತಾ ಅವರ ಸರದಿ ಬಂದಾಗ ಉಳಿದವರೆಲ್ಲ ಕೈ ನಿಲ್ಲಿಸುತ್ತಿದ್ದರು. ಬದುಕಿದ್ದಾಗ ಅವರು ಎಷ್ಟು ಹೊತ್ತು ನುಡಿಸುತ್ತಿದ್ದರೋ ಅಷ್ಟು ಹೊತ್ತೂ ಮೌನ. ಆಮೇಲೆ ಮತ್ತೆ ಮೇಳ ಏಳುತ್ತಿತ್ತು. ಸತ್ತವರು ಬಂದು ಮಣೆಯ ಮೇಲೆ ಕೂತು ನುಡಿಸುತ್ತಾರೆ, ನಮ್ಮ ಕಿವಿಗೆ ಬೀಳುವುದಿಲ್ಲ ಅಷ್ಟೇ ಎಂದು ಊರಿನವರು ನಂಬಿದ್ದರು. ಆ ಮಣೆಯ ಮೇಲೆ ಬೇರೆಯವರು ಕೂತರೆ ಸತ್ತವರು ಎದ್ದು ಹೋಗಬೇಕಾಗುತ್ತದೆ. ಎದ್ದು ಎಲ್ಲಿಗೆ ಹೋಗುತ್ತಾರೆ? ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣ ಯಾರೂ ಕೂರುತ್ತಿರಲಿಲ್ಲ.

ಹೀಗೆ ಒಂದೊಂದೇ ಮಣೆ ಖಾಲಿಯಾಯಿತು. ಎಲ್ಲರೂ ಕೂಡಿ ನುಡಿಸುವ ಕಡೆ ಕೃತಿ ತೆಳುವಾಯಿತು, ಒಬ್ಬರೇ ನುಡಿಸುವ ಕಡೆ ಪೂರ್ತಿ ನಿಂತೇ ಹೋಯಿತು. ಮೊದಮೊದಲು ನಾದದ ನಡುವೆ ಮೌನ ಇರುತ್ತಿತ್ತು. ಬರಬರುತ್ತಾ ಮೌನದ ನಡುವೆ ನಾದ ಇರುವ ಹಾಗಾಯಿತು.

ಕೇಳುವವರಿಗೂ ಕಟ್ಟಳೆಗಳಿದ್ದವು. ಹೆಂಗಸರು ಮಂಟಪದ ಬಾಗಿಲಲ್ಲೇ ಬಳೆಗಳಿಗೆ ಬಟ್ಟೆ ಸುತ್ತಿಕೊಳ್ಳಬೇಕು, ಬಳೆ ಸದ್ದಾಗಬಾರದು. ಕೆಮ್ಮು ಇದ್ದವರು ಮನೆಯಲ್ಲೇ ಇರಬೇಕು. ಬಾಗಿಲು ಹಾಕಿದ ಮೇಲೆ ಕೃತಿ ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ, ಯಾರೂ ಏಳುವಂತಿಲ್ಲ. ವಯಸ್ಸಾದವರಿಗೆ ಇದು ಕಷ್ಟವಾಗುತ್ತಿರಲಿಲ್ಲ. ಮೌನ ಬಂದಾಗ ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು, ಹಿಂದೆ ಕೇಳಿದ್ದು ಅವರ ಒಳಗೇ ನುಡಿಯುತ್ತಿತ್ತು. ಹಿಂದೆ ಕೇಳದವರಿಗೆ ಮಾತ್ರ ಕಾಣುತ್ತಿದ್ದುದು ಸುಮ್ಮನೆ ಕೂತ ಜನ. ಅವರು ಒಮ್ಮೆ ಬಂದರು, ಇನ್ನೊಮ್ಮೆ ಬಂದರು, ಆಮೇಲೆ ಹುಣ್ಣಿಮೆಯ ಸಂಜೆ ಹೊಳೆದಂಡೆಯ ಕಡೆ ತಿರುಗಾಡಲು ಹೋಗತೊಡಗಿದರು.

ಮೇಳದಲ್ಲಿ ಒಬ್ಬಳು ಪಿಟೀಲಿನವಳು ಇದ್ದಳು. ಅವಳ ಬಲಗಡೆಯ ಮಣೆ ಅವಳ ಗಂಡನದು. ಅವನು ಕೊಳಲಿನವನು, ತೀರಿಹೋಗಿ ವರ್ಷಗಳಾಗಿದ್ದವು. ಕೃತಿಯ ನಟ್ಟನಡುವೆ ಕೊಳಲು ಒಂಟಿಯಾಗಿ ಬಹಳ ಹೊತ್ತು ನುಡಿಯಬೇಕು, ಅದು ಮುಗಿದ ಮೇಲೆ ಪಿಟೀಲು ಉತ್ತರ ಕೊಡಬೇಕು. ಕೊಳಲು ಕೇಳುವುದು, ಪಿಟೀಲು ಹೇಳುವುದು. ಹಾಗೆ ಕೃತಿ ಕಟ್ಟಿದವರು ಯಾರೋ, ಆ ಗಂಡಹೆಂಡಿರನ್ನು ನೋಡಿಯೇ ಕಟ್ಟಿದ್ದಾರೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಈಗ ಅವಳು ಕಮಾನು ಹಿಡಿದು ಮೌನಕ್ಕೆ ಕಾದು ಕೂರುತ್ತಿದ್ದಳು. ಗಂಡ ಪಕ್ಕದಲ್ಲಿ ಕೂತಿದ್ದಾನೆ, ಕೊಳಲು ತುಟಿಗಿಟ್ಟಿದ್ದಾನೆ, ಕತ್ತು ಸ್ವಲ್ಪ ವಾಲಿಸಿದ್ದಾನೆ ಎಂದುಕೊಳ್ಳುತ್ತಿದ್ದಳು. ತಿಂಗಳಿಗೊಮ್ಮೆ ಅವನು ಸಿಗುವುದು ಅಲ್ಲೇ. ಆಮೇಲೆ ತಾಳದ ಯಜಮಾನ ಕೈಯೆತ್ತಿದಾಗ ಅವಳು ಉತ್ತರ ನುಡಿಸುತ್ತಿದ್ದಳು, ಗಂಡ ಸಾಯುವ ಮುಂಚಿನ ಹುಣ್ಣಿಮೆ ತಾನು ಕೊಟ್ಟ ಅದೇ ಉತ್ತರವನ್ನು, ಒಂದೆಳೆಯೂ ಆಚೀಚೆ ಮಾಡದೆ.

ತಾಳದ ಯಜಮಾನನಿಗೆ ವಾದ್ಯವಿರಲಿಲ್ಲ. ಅವನು ಎಲ್ಲರ ಎದುರು ಕೂತು ಅಂಗೈಯಿಂದ ತೊಡೆಯ ಮೇಲೆ ಸದ್ದಿಲ್ಲದೆ ತಾಳ ಹಾಕುತ್ತಿದ್ದ. ಯಾರ ಮೌನ ಎಷ್ಟುದ್ದ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಅವನ ಕೈ ನೋಡಿಕೊಂಡೇ ಮೇಳ ಮೌನಕ್ಕಿಳಿಯುತ್ತಿತ್ತು, ಅವನ ಕೈ ನೋಡಿಕೊಂಡೇ ಮೇಲಕ್ಕೆ ಬರುತ್ತಿತ್ತು.

ಆ ತಾಳದ ಯಜಮಾನ ಒಂದು ದಿನ ಊಟ ಮಾಡಿ, ಕೈ ತೊಳೆದು, ಗೋಡೆಗೊರಗಿ ಕೂತವನು ಹಾಗೇ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೇಲೆ ಉಳಿದ ವಾದ್ಯದವರು ವೀಣೆಯಜ್ಜನ ಮನೆಯ ಜಗಲಿಯಲ್ಲಿ ಕೂಡಿದರು. ವೀಣೆಯಜ್ಜ ಮೇಳದಲ್ಲೇ ಹಿರಿಯ. ಅವನ ತಮ್ಮನೂ ಮೇಳದಲ್ಲಿದ್ದ, ತಂಬೂರಿಯವನು. ಪ್ರಾಯದಲ್ಲೇ ಸತ್ತ. ಖಾಲಿ ಮಣೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಅವನದು.

"ಮುಂದಿನ ಹುಣ್ಣಿಮೆಗೆ ತಾಳ ಯಾರು ಹಾಕೋದು?" ಎಂದು ಪಿಟೀಲಿನವಳು ಕೇಳಿದಳು.

"ಅವನೇ ಹಾಕ್ತಾನೆ" ಎಂದ ವೀಣೆಯಜ್ಜ. "ಅವನ ಮಣೆ ಅಲ್ಲೇ ಇರುತ್ತೆ. ಅವನೂ ಅಲ್ಲೇ ಇರ್ತಾನೆ. ನಮಗೆ ಕಾಣಿಸಲ್ಲ, ಅಷ್ಟೇ."

ಮದ್ದಳೆಯವನು ತಲೆ ಕೆರೆದುಕೊಂಡ. "ಅಜ್ಜ, ಕಾಣದೇ ಇರೋ ಕೈ ನೋಡ್ಕೊಂಡು ನಾನು ಮದ್ದಳೆ ಹೆಂಗೆ ಹೊಡೀಲಿ?"

"ನಂಬಿಕೆಯಿಂದ ಹೊಡಿ."

ಮದ್ದಳೆಯವನು ಪಿಟೀಲಿನವಳ ಮುಖ ನೋಡಿದ. ಅವಳು ನೆಲ ನೋಡಿದಳು. ಬೇರೆಯವರ ಮಣೆಯ ಮೇಲೆ ಯಾರಾದರೂ ಕೂರಲಿ ಎಂದು ಅವಳು ಹೇಗೆ ಹೇಳಿಯಾಳು? ಇವತ್ತು ತಾಳದ ಯಜಮಾನನನ್ನು ಎಬ್ಬಿಸಿದರೆ ನಾಳೆ ತನ್ನ ಗಂಡನನ್ನು ಎಬ್ಬಿಸುತ್ತಾರೆ.

ಅಷ್ಟರಲ್ಲಿ ಊರ ಹಿರಿಯ ಜಗಲಿಗೆ ಬಂದ. ಊರಿನ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದವನು ಅವನು, ಗಟ್ಟಿ ಮಾತಿನವನಲ್ಲ. ಮೇಲುಹೊದಿಕೆ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದ.

"ನೋಡಿ, ನನಗೂ ದೊಡ್ಡದು ಅಂದ್ರೆ ಪ್ರೀತಿ. ಚಿಕ್ಕವನಾಗಿದ್ದಾಗಿಂದ ಕೇಳಿದೀನಿ. ಆದರೆ ಊರಿನವರು ಕೇಳ್ತಿದಾರೆ. ಬಯಲಲ್ಲಿ ಕಾಳು ನೆನೀತಿದೆ, ಮಂಟಪದಲ್ಲಿ ಮೂಲೆ ಮೂಲೆ ಖಾಲಿ ಬಿದ್ದಿದೆ, ಯಾಕೆ ಅಂತ. ಈ ಹುಣ್ಣಿಮೆ ದೊಡ್ಡದು ಮುಗಿದರೆ ನಾನು ಏನೂ ಮಾತಾಡಲ್ಲ. ನಡುವೆ ನಿಂತು ಹೋದರೆ ಮಂಟಪಕ್ಕೆ ಕಾಳು ತುಂಬಿಸ್ತೀವಿ. ಬೇಜಾರು ಮಾಡ್ಕೋಬೇಡಿ."

"ಮುಗಿಯುತ್ತೆ" ಎಂದ ವೀಣೆಯಜ್ಜ.

ಹುಣ್ಣಿಮೆ ಬಂತು. ಮೇಳ ಮಣೆಗಳ ಮೇಲೆ ಕೂತಿತು. ತಾಳದ ಯಜಮಾನನ ಮಣೆಯ ಮೇಲೆ ಅವನ ಶಾಲು ಮಾತ್ರ, ಇಡಲು ವಾದ್ಯವೇ ಇರಲಿಲ್ಲ. ಕೇಳಲು ಬಂದವರು ಮಂಟಪದ ಮುಂದಿನ ಸಾಲುಗಳಲ್ಲಿ ಹರಡಿ ಕೂತರು, ಇರುವುದಕ್ಕಿಂತ ಹೆಚ್ಚು ಜನರ ಹಾಗೆ ಕಾಣಲಿ ಎಂದೋ ಏನೋ. ಊರ ಹಿರಿಯ ಕಂಬದ ಪಕ್ಕ ಕೂತ. ಗಾಣದವನು ಬಂದ. ಬಳೆಗಾರರ ಮನೆಯ ಅತ್ತೆ ತಪ್ಪದೆ ಬರುವವಳು, ಈ ಸಲ ಹೊಸ ಸೊಸೆಯನ್ನೂ ಕರೆತಂದಿದ್ದಳು. ಸೊಸೆ ಹೊಳೆಯಾಚೆಯವಳು. ಅವಳ ಊರಲ್ಲಿ ಮಂಟಪವೂ ಇರಲಿಲ್ಲ, ಮೇಳವೂ ಇರಲಿಲ್ಲ. ಕೈ ತುಂಬ ಬಳೆ ತೊಟ್ಟಿದ್ದಳು. ಅಷ್ಟಕ್ಕೂ ಬಟ್ಟೆ ಸುತ್ತುವ ಹೊತ್ತಿಗೆ ಅತ್ತೆಗೆ ಸಾಕಾಯಿತು.

"ಒಳಗೆ ಹೋದ ಮೇಲೆ ತುಟಿ ಪಿಟ್ಟೆನ್ನಬಾರದು" ಎಂದಳು ಅತ್ತೆ.

"ಎಷ್ಟು ಹೊತ್ತು ಅತ್ತೆ?"

"ಮುಗಿಯೋ ತನಕ."

ಬಾಗಿಲು ಹಾಕಿದರು. ವೀಣೆ ಮೊದಲು ಎದ್ದಿತು, ಅದರ ಹಿಂದೆ ಪಿಟೀಲು, ಅದರ ಹಿಂದೆ ಮದ್ದಳೆ. ಮೊದಲ ಮೌನ ಬಂತು. ಅದು ಚಿಕ್ಕದು, ಜಾಗಟೆಯವನದು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೇಗೋ ದಾಟಿದರು. ಎರಡನೆಯ ಮೌನದಲ್ಲಿ ಮದ್ದಳೆಯವನ ಕೈ ಬೇಗ ಬಿತ್ತು. ಸದ್ದನ್ನು ಅಂಗೈಯಿಂದಲೇ ಅದುಮಿ ಹಿಡಿದು ಅವನು ಬೆವತ. ಹಾಗೂ ಹೀಗೂ ಸಾಗಿತು. ಬಿಸಿಲು ಗೋಡೆಯಿಂದ ಇಳಿದು ಹೋಯಿತು.

ಆಮೇಲೆ ಕೊಳಲಿನವನ ಮೌನ ಬಂತು.

ಪಿಟೀಲಿನವಳು ಕಮಾನನ್ನು ತಂತಿಯ ಹತ್ತಿರ ತಂದು ನಿಲ್ಲಿಸಿದಳು. ಎಂದಿನಂತೆ ಗಂಡ ಬಂದು ಕೂತ ಎಂದುಕೊಂಡಳು, ಕೊಳಲು ತುಟಿಗಿಟ್ಟ ಎಂದುಕೊಂಡಳು. ಅಭ್ಯಾಸದಿಂದ ಅವಳ ಕಣ್ಣು ಯಜಮಾನನ ಕೈ ಹುಡುಕಿತು. ಕೈ ಇರಲಿಲ್ಲ. ಶಾಲು ಇತ್ತು.

ಸರಿ, ಅವರು ನುಡಿಸುತ್ತಿದ್ದುದನ್ನೇ ಮನಸ್ಸಿನಲ್ಲಿ ಹಾಡಿಕೊಂಡು ಹೋಗೋಣ, ಅದು ಮುಗಿದಾಗ ಕಮಾನು ಎಳೆದರಾಯಿತು ಎಂದುಕೊಂಡಳು. ಹಾಡಿಕೊಂಡಳು. ಮೊದಲ ತಿರುವಿನ ತನಕ ಬಂತು, ಅಲ್ಲಿಂದಾಚೆಗೆ ಇಲ್ಲ. ಮತ್ತೆ ಮೊದಲಿನಿಂದ ಹಿಡಿದಳು. ಈ ಸಲ ಮೊದಲ ತಿರುವೇ ಬೇರೆ ಬಂತು. ಇನ್ನೊಮ್ಮೆ ಹಿಡಿದಳು. ಎಲ್ಲಿ ಏರುತ್ತಿತ್ತು, ಎಲ್ಲಿ ಉಸಿರು ಹಿಡಿಯುತ್ತಿದ್ದ, ಎಲ್ಲಿ ಇಳಿಯುತ್ತಿದ್ದ? ಬಾವಿಗೆ ಬಿಟ್ಟ ಕೊಡ ಖಾಲಿಯೇ ಮೇಲೆ ಬಂದಂತೆ ಪ್ರತಿ ಸಲವೂ ಅವಳ ಮನಸ್ಸು ಖಾಲಿಯಾಗಿ ಮೇಲೆ ಬಂತು.

ಇಷ್ಟು ವರ್ಷ ತಾನು ಕಾದು ಕೂತಿದ್ದು ಗಂಡನ ನಾದಕ್ಕಲ್ಲ, ಯಜಮಾನನ ಕೈಗೆ.

ಮೌನ ಮುಂದುವರಿಯಿತು. ಹೊರಗೆ ಬೆಳಕು ಕಂದಿತು. ದೀಪ ಹಚ್ಚುವವನು ಮೂಲೆಯಲ್ಲಿ ಬತ್ತಿ ಹಿಡಿದು ಕೂತಿದ್ದ. ಕೃತಿ ಮುಗಿಯದೆ ಏಳುವಂತಿಲ್ಲ, ಹಾಗಾಗಿ ದೀಪವೂ ಹತ್ತಲಿಲ್ಲ. ಚಂದ್ರ ಕಿಟಕಿಗೆ ಬಂದ. ಯಾರದೋ ಹೊಟ್ಟೆ ಗುರ್ ಎಂದಿತು. ಗಾಣದವನಿಗೆ ಮೂತ್ರಕ್ಕೆ ಅವಸರವಾಗಿ ಅವನು ಕಣ್ಣು ಬಿಗಿದು ಕೂತ. ಮದ್ದಳೆಯವನು ಪಿಟೀಲಿನವಳನ್ನೇ ನೋಡುತ್ತಿದ್ದ, ಊರ ಹಿರಿಯ ಮದ್ದಳೆಯವನನ್ನು ನೋಡುತ್ತಿದ್ದ. ಯಾರ ಕೈಯಲ್ಲೂ ಆ ಮೌನವನ್ನು ಮುಗಿಸಲು ಆಗಲಿಲ್ಲ. ಅದರ ಅಳತೆ ಗೊತ್ತಿದ್ದವನೂ ಈಗ ಆ ಮೌನದೊಳಗೇ ಇದ್ದ.

ವೀಣೆಯಜ್ಜ ಒಬ್ಬನೇ ಕಣ್ಣು ಮುಚ್ಚಿ ನೆಮ್ಮದಿಯಾಗಿದ್ದ. ಬೆಳಗಿನ ತನಕ ಬೇಕಾದರೂ ಅವನು ಹಾಗೇ ಕೂತಿರುತ್ತಿದ್ದ.

ಪಿಟೀಲಿನವಳ ತೋಳು ಸೋತಿತು. ಕಮಾನನ್ನು ಮಡಿಲಲ್ಲಿ ಇಟ್ಟಳು.

"ನನಗೆ ನೆನಪಿಲ್ಲ" ಎಂದಳು.

ಆ ಮಂಟಪದಲ್ಲಿ ಕೃತಿಯ ನಡುವೆ ಯಾರೂ ಮಾತಾಡಿದ್ದಿಲ್ಲ.

"ಅವರು ಏನು ನುಡಿಸ್ತಿದ್ದರು ಅಂತ ನನಗೆ ನೆನಪಿಲ್ಲ. ಹೆಂಡತಿ ನಾನು, ನನಗೇ ನೆನಪಿಲ್ಲ" ಎಂದಳು. "ನಿಮ್ಮಲ್ಲಿ ಯಾರಿಗಾದರೂ ನೆನಪಿದೆಯಾ? ಇದ್ದರೆ ಹೇಳ್ರಪ್ಪಾ."

ಬಳೆಗಾರರ ಅತ್ತೆ ಗಂಟಲು ಸರಿಮಾಡಿಕೊಂಡಳು.

"ನನಗೆ ನೆನಪಿದೆ ಕಣೇ ಅಕ್ಕ. ಹಿಂಗೆ ಬರೋದು." ಅವಳು ಮೂಗಿನಲ್ಲೇ ಗುನುಗಿದಳು. ಮೆಲ್ಲಗೆ ಇಳಿದು ಇಳಿದು ತೊಟ್ಟಿಲ ಹಗ್ಗದ ಹಾಗೆ ಆಚೀಚೆ ತೂಗುವ ಒಂದು ಎಳೆ.

"ಅಲ್ಲ ಬಿಡಮ್ಮ, ಅದಲ್ಲ" ಎಂದ ಗಾಣದವನು, ಅವಸರವನ್ನೂ ಮರೆತು. "ಕೆಳಗಿಂದ ಮೇಲಕ್ಕೆ ಏರೋದು ಅದು. ನಾನು ಗಾಣ ಆಡಿಸುವಾಗ ದಿನಾ ಅದನ್ನೇ ಹೇಳಿಕೊಳ್ಳೋದು." ಅವನು ಸಿಳ್ಳೆ ಹಾಕಿ ತೋರಿಸಿದ.

"ಏರೋದು ನಿಜ, ಆದರೆ ಅಷ್ಟು ಬೇಗ ಅಲ್ಲ" ಎಂದಳು ಹಿಂದಿನ ಸಾಲಿನ ಒಬ್ಬ ಮುದುಕಿ. "ನಡುವೆ ನಿಲ್ತಿತ್ತು. ನಿಂತು ಹಕ್ಕಿ ಕೊಕ್ಕಿನಲ್ಲಿ ಕುಟ್ಟಿದ ಹಾಗೆ ಸಣ್ಣ ಸಣ್ಣದಾಗಿ..."

"ಕುಟ್ಟೋದು ಎಲ್ಲಿತ್ತು? ಎಲ್ಲೂ ಇರಲಿಲ್ಲ."

"ನಿನಗೆ ಆಗಲೇ ಕಿವಿ ಮಂದ, ಸುಮ್ನಿರು."

ಊರ ಹಿರಿಯನೂ ಕಂಬ ಬಿಟ್ಟು ಮುಂದಕ್ಕೆ ಬಾಗಿ ತನಗೆ ನೆನಪಿದ್ದುದನ್ನು ಹಾಡಿದ. ಅದು ಎಲ್ಲರದಕ್ಕಿಂತ ಬೇರೆ. ಒಬ್ಬರದನ್ನು ಇನ್ನೊಬ್ಬರು ಒಪ್ಪಲಿಲ್ಲ. ಮಂಟಪ ಸಂತೆಯ ಹಾಗಾಯಿತು.

ಅಷ್ಟು ಗದ್ದಲದ ನಡುವೆ ಪಿಟೀಲಿನವಳಿಗೆ ನಗು ಬಂತು. ಮೊದಲು ಸಣ್ಣಗೆ ಬಂತು, ಆಮೇಲೆ ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡಳು.

"ಎಲ್ಲರೂ ಸರಿ" ಎಂದಳು. "ನೀವೆಲ್ಲರೂ ಸರಿ. ಅವರು ಒಂದು ಹುಣ್ಣಿಮೆ ನುಡಿಸಿದ್ದನ್ನ ಇನ್ನೊಂದು ಹುಣ್ಣಿಮೆ ನುಡಿಸ್ತಾನೇ ಇರಲಿಲ್ಲ. ನಾನು ಜಗಳ ಆಡ್ತಿದ್ದೆ. ಇವತ್ತು ಏನು ನುಡಿಸ್ತೀರಿ, ಮೊದಲೇ ಹೇಳಿ ಅಂತ. ಹೇಳಿದರೆ ನೀನು ಮನೆಯಲ್ಲೇ ಉತ್ತರ ಮಾಡಿಟ್ಟುಕೊಂಡು ಬರ್ತೀಯ, ಹೇಳಲ್ಲ ಹೋಗು ಅನ್ನೋರು."

ಇದು ಅವಳಿಗೆ ಮರೆತೇ ಹೋಗಿತ್ತು. ಆ ಕೊನೆಯ ಉತ್ತರವನ್ನು ಅಷ್ಟು ಜತನದಿಂದ ಕಾಪಾಡುತ್ತಾ, ಪ್ರತಿ ಹುಣ್ಣಿಮೆ ಉತ್ತರ ಹುಡುಕಲು ತಾನು ಪಡುತ್ತಿದ್ದ ಪಾಡನ್ನೂ ಅದರ ಖುಷಿಯನ್ನೂ ಮರೆತಿದ್ದಳು.

ವೀಣೆಯಜ್ಜ ಕಣ್ಣು ತೆರೆದ. "ಸಾಕು" ಎಂದ. "ಅವನು ಇಲ್ಲೇ ಕೂತಿದಾನೆ. ಅವನ ಎದುರಿಗೇ ಏನಿದು?"

"ಕೂತಿದ್ದರೆ ಇಷ್ಟು ಹೊತ್ತಿಗೆ ನಗ್ತಿದ್ದರು ಅಜ್ಜ" ಎಂದಳು ಪಿಟೀಲಿನವಳು.

ಆಗ ಬಳೆಗಾರರ ಸೊಸೆ ಅತ್ತೆಯ ಸೆರಗು ಜಗ್ಗಿದಳು. "ಅತ್ತೆ, ನಾನೊಂದು ಮಾತು ಹೇಳಲಾ?"

"ನೀನು ಸುಮ್ನಿರೆ."

"ಹೇಳಲಿ ಬಿಡು" ಎಂದಳು ಪಿಟೀಲಿನವಳು. "ಏನಮ್ಮ?"

ಸೊಸೆ ಎದ್ದು ನಿಂತಳು. ಏಳಬಾರದು ಎಂದು ನೆನಪಾಗಿ ಕೂತಳು. ಕೂತೇ ಹೇಳಿದಳು. "ನಾನು ಅವರನ್ನ ಕೇಳಿದವಳಲ್ಲ. ಅವರು ಹೆಂಗೆ ನುಡಿಸ್ತಿದ್ದರೋ ಗೊತ್ತಿಲ್ಲ. ಆದರೆ ನೀವು ಕೊಡೋ ಉತ್ತರ ನಿಮಗೆ ಗೊತ್ತಲ್ಲ? ಅದನ್ನ ನುಡಿಸಿ. ಉತ್ತರ ಕೇಳಿದರೆ ಪ್ರಶ್ನೆ ಏನಿರಬಹುದು ಅಂತ ಅಂದಾಜು ಮಾಡಬಹುದಲ್ಲ."

ಪಿಟೀಲಿನವಳು ಕಮಾನು ಎತ್ತಿಕೊಂಡು ಆ ಹಳೆಯ ಉತ್ತರವನ್ನು ನುಡಿಸಿದಳು. ಸೊಸೆ ಕಣ್ಣು ಕಿರಿದು ಮಾಡಿ ಕೇಳಿದಳು. ಆಮೇಲೆ ಹಾಡಿದಳು.

ಹೊಳೆಯಾಚೆಯ ಜನ ದೋಣಿ ಕರೆಯಲು ದಂಡೆಯ ಮೇಲೆ ನಿಂತು ಕೂಗುವುದುಂಟು. ಓ ಎಂದು ಉದ್ದಕ್ಕೆ ಎಳೆದು, ದನಿ ನೀರಿನ ಮೇಲೆ ಜಾರಿ ಈಚೆ ದಡ ಮುಟ್ಟುವ ತನಕ ಬಿಡದೆ ಹಿಡಿಯುವ ಕೂಗು. ಅವಳ ಹಾಡು ಅಲ್ಲಿಂದ ಎದ್ದು ಬಂತು. ಎದ್ದು, ಸ್ವಲ್ಪ ತಡವರಿಸಿ, ದಾರಿ ಸಿಕ್ಕಿ, ಅಗಲವಾಯಿತು. ಕೊಳಲಿನ ನಯ ಅದಕ್ಕಿರಲಿಲ್ಲ. ಒಂದು ಕಡೆ ಶ್ರುತಿಯೂ ಸ್ವಲ್ಪ ಜಾರಿತು. ಆ ಮೇಳದಲ್ಲಿ ಅಲ್ಲಿಯ ತನಕ ಮನುಷ್ಯರ ದನಿಯೇ ಇರಲಿಲ್ಲ.

ಅದು ಗಂಡನದಾಗಿರಲಿಲ್ಲ. ಒಂದೆಳೆಯೂ ಅವನದಲ್ಲ. ಪಿಟೀಲಿನವಳಿಗೆ ಎದೆಯಲ್ಲಿ ಉರಿ ಎದ್ದಿತು. ನಿಲ್ಲಿಸು ಎನ್ನಲು ಬಾಯಿ ತೆರೆದಳು. ಗಂಡ ಏಳುತ್ತಾನೆ, ಎದ್ದು ಹೋಗುತ್ತಾನೆ ಎಂಬ ಭಯದಿಂದ ಬಲಗಡೆ ತಿರುಗಿ ನೋಡಿದಳು.

ಅಲ್ಲಿ ಮಣೆ ಇತ್ತು. ಮಣೆಯ ಮೇಲೆ ಶಾಲು ಇತ್ತು, ಶಾಲಿನ ಮೇಲೆ ಧೂಳು ಹಿಡಿದ ಕೊಳಲು. ಏಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಬಹಳ ಕಾಲದಿಂದ ಇರಲಿಲ್ಲ. ಇಷ್ಟು ದಿನ ಯಾವುದಕ್ಕೆ ಹೆದರಿ ಉಸಿರು ಬಿಗಿ ಹಿಡಿದಿದ್ದಳೋ ಅದು ಆಗಿ ಎಷ್ಟೋ ದಿನವಾಗಿತ್ತು. ಆಗಿಯೂ ಅವಳು ಬದುಕಿದ್ದಳು. ಹಿಡಿದಿದ್ದ ಉಸಿರು ತಾನೇ ಹೊರಗೆ ಬಂತು. ತಲೆಯ ಮೇಲಿನ ಹೊರೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡ ಹಾಗಾಯಿತು.

ಸೊಸೆಯ ಹಾಡು ಕೊನೆಯಲ್ಲಿ ಮೇಲಕ್ಕೆ ಹೋಗಿ, ಉತ್ತರಕ್ಕೆ ಕಾಯುತ್ತಾ ನಿಂತಿತು.

ಪಿಟೀಲಿನವಳು ಕಮಾನು ಎಳೆದಳು. ಹಳೆಯ ಉತ್ತರ ಆ ಪ್ರಶ್ನೆಗೆ ಸಾಲಲಿಲ್ಲ. ಅವಳ ಬೆರಳುಗಳು ತಂತಿಯ ಮೇಲೆ ತಡಕಾಡಿದವು, ತಪ್ಪಿದವು, ಇನ್ನೊಂದು ಕಡೆಯಿಂದ ಬಂದವು. ಹೊಳೆಯಾಚೆಯಿಂದ ಕೂಗಿದವರಿಗೆ ಈಚೆಯಿಂದ ಬಂದೆ, ಬಂದೆ ಎನ್ನುವ ಹಾಗೆ ಅವಳ ಪಿಟೀಲು ನುಡಿಯಿತು. ಮದ್ದಳೆಯವನು ಒಂದು ಕ್ಷಣವೂ ಕಾಯಲಿಲ್ಲ, ಮದ್ದಳೆಗೆ ಕೈ ಹಾಕಿದ.

ವೀಣೆಯಜ್ಜ ವೀಣೆಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದ. ಯಾರನ್ನೂ ನೋಡದೆ ಜನರ ನಡುವೆ ನಡೆದು ಹೋಗಿ ಬಾಗಿಲು ತೆರೆದು ಹೊರಟುಹೋದ. ಬಾಗಿಲು ತೆರೆದೇ ಉಳಿಯಿತು. ನಾದ ಬೀದಿಗೆ ಹೋಯಿತು. ಹೊಳೆದಂಡೆಯಿಂದ ಮನೆಗೆ ಹೊರಟಿದ್ದವರು ನಿಂತರು, ಇಣುಕಿದರು, ಚಪ್ಪಲಿ ಕಳಚಿ ಒಳಗೆ ಬಂದರು. ಯಾರೋ ಒಬ್ಬರ ಕೈಯ ಬಟ್ಟೆ ಬಿಚ್ಚಿ ಬಳೆ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ.

ಮುಂದೆ ಬಂದ ಮೌನಗಳಲ್ಲಿ ಯಾರಿಗೆ ಏನು ನೆನಪಿತ್ತೋ ಅದನ್ನು ಗುನುಗಿದರು, ನೆನಪಿಲ್ಲದ ಕಡೆ ಕೈತಟ್ಟಿದರು. ಚೆನ್ನಾಗಿತ್ತು ಎಂದು ಹೇಳುವಂತಿರಲಿಲ್ಲ. ಆದರೆ ಮುಗಿಯಿತು.

ಗಾಣದವನು ಬಾಗಿಲಾಚೆಗೆ ಓಡಿದ. ದೀಪದವನು ದೀಪ ಹಚ್ಚಿದ. ಊರ ಹಿರಿಯ ಬೆವರು ಒರೆಸಿಕೊಂಡು ಮೇಳದ ಹತ್ತಿರ ಬಂದ.

"ಮುಗೀತಾ?"

"ಮುಗೀತು" ಎಂದಳು ಪಿಟೀಲಿನವಳು.

"ಮುಗೀತು ಅಂದರೆ ಮುಗೀತು. ಕಾಳಿಗೆ ಬೇರೆ ಕಡೆ ನೋಡೋಣ" ಎಂದ. ಆಮೇಲೆ ದನಿ ತಗ್ಗಿಸಿ, "ನಾನು ಹಾಡಿದ್ದು ಸರಿ ಇತ್ತಾ?" ಎಂದು ಕೇಳಿದ.

ಮರುದಿನ ಬೆಳಿಗ್ಗೆ ಪಿಟೀಲಿನವಳು ವೀಣೆಯಜ್ಜನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕೂತಿದ್ದ. ಕೂರು ಎನ್ನಲಿಲ್ಲ. ಅವಳೇ ಕೂತಳು.

"ಗಂಡನ್ನ ಎಬ್ಬಿಸಿ ಕಳಿಸಿಬಿಟ್ಟೆ" ಎಂದ ಅಜ್ಜ.

"ಹೌದು ಅಜ್ಜ. ಪಾಪ, ಅವರಾದರೂ ಎಷ್ಟು ವರ್ಷ ಅಂತ ಅಲ್ಲೇ ಕೂರ್ತಾರೆ? ಕಾಲು ಜೋಮು ಹಿಡಿದಿರುತ್ತೆ."

ಅಜ್ಜ ನಗಲಿಲ್ಲ. ಬೀದಿಯ ಕಡೆ ತಿರುಗಿದ. ಆಮೇಲೆ ಹೇಳಿದ. "ನಿನಗೆ ಅವನು ಹೋದ. ನನಗೆ ನನ್ನ ತಮ್ಮ ಹೋಗಿಲ್ಲ. ಅವನ ಶ್ರುತಿ ನನಗೆ ಇವತ್ತಿಗೂ ಕೇಳಿಸುತ್ತೆ. ಸುಳ್ಳಲ್ಲ."

"ಸುಳ್ಳು ಅಂತ ನಾನೆಲ್ಲಿ ಅಂದೆ?"

"ಹಂಗಾದರೆ ಅವನ ಮಣೆ ಮುಟ್ಟಬೇಡಿ. ನಾನಿರೋ ತನಕ."

"ಮುಟ್ಟಲ್ಲ" ಎಂದಳು ಪಿಟೀಲಿನವಳು. "ಆದರೆ ಅವನ ಮೌನ ಎಷ್ಟುದ್ದ ಅಂತ ನಮಗೆ ಯಾರಿಗೂ ಗೊತ್ತಿಲ್ಲ. ನೀನೇ ಬಂದು ಹೇಳಬೇಕು."

"ನಾನು ಒಳಗೆ ಬರಲ್ಲ."

"ಹೊರಗೆ ಕಟ್ಟೆ ಮೇಲೆ ಕೂತ್ಕೋ. ಮುಗಿದಾಗ ಕೋಲಿಂದ ಕಲ್ಲಿಗೆ ಒಂದು ಏಟು ಹಾಕು. ನಮಗೆ ಕೇಳಿಸುತ್ತೆ, ಬಾಗಿಲು ಇನ್ನು ಮೇಲೆ ತೆಗೆದೇ ಇರುತ್ತೆ."

ಅಜ್ಜ ಒಳಗೆ ತಿರುಗಿ ಅವಳಿಗೆ ಮಜ್ಜಿಗೆ ತರಲು ಹೇಳಿದ.

ಆ ತಿಂಗಳು ಮಂಟಪದ ಬಾಗಿಲು ಬೆಳಿಗ್ಗೆಯೇ ತೆರೆಯುತ್ತಿತ್ತು. ತೀರಿಹೋದವರ ಮನೆಯವರು ಬಂದು ಶಾಲುಗಳನ್ನು ಮನೆಗೆ ಒಯ್ದರು. ಕೆಲವರು ಅತ್ತರು, ಕೆಲವರು ಶಾಲು ಕೊಡವಿ ಬಿಸಿಲಿಗೆ ಹಾಕಿದರು. ತಂಬೂರಿಯವನದೊಂದನ್ನು ಬಿಟ್ಟು ಉಳಿದ ಮಣೆಗಳ ಮೇಲೆ ಯಾರು ಯಾರೋ ಬಂದು ಕೂತರು. ಬಳೆಗಾರರ ಸೊಸೆ ಬಂದಳು. ಒಬ್ಬ ಅಂಬಿಗ ಶಂಖ ತಂದ, ಅದು ಯಾವ ಶ್ರುತಿಗೂ ಕೂರಲಿಲ್ಲ. ಅವನು ಬಿಡಲೂ ಇಲ್ಲ. ಮದುವೆಯಾಗಿ ಮಕ್ಕಳಿದ್ದವರು ಜಾಗಟೆ ಹಿಡಿದು ಚಿಕ್ಕವರ ಹಾಗೆ ಬೈಸಿಕೊಂಡರು. ಕಲಿಸಿ ಕಲಿಸಿ ಪಿಟೀಲಿನವಳ ಗಂಟಲು ಕಟ್ಟಿತು. ಬಂದವರಲ್ಲಿ ಬಹಳ ಜನ ಬೆರಳು ನೋಯಿತೆಂದು ಬರುವುದು ನಿಲ್ಲಿಸಿದರು, ಇಬ್ಬರು ಮೂವರು ಉಳಿದರು. ಹಳೆಯ ಕೇಳುಗರಲ್ಲಿ ಕೆಲವರಿಗೆ ಬೇಜಾರಾಯಿತು. "ಇದು ದೊಡ್ಡದಲ್ಲ, ಇನ್ನೇನೋ" ಎಂದು ಹಿಂದಿನ ಸಾಲಿನ ಮುದುಕಿ ಬರುವುದನ್ನೇ ಬಿಟ್ಟಳು. ಪಿಟೀಲಿನವಳು ಅವಳ ಮನೆಗೆ ಹೋಗಿ ಕರೆದಳು. ಅವಳು ಬರಲಿಲ್ಲ. ಆ ನೋವು ಪಿಟೀಲಿನವಳಿಗೆ ಉಳಿಯಿತು.

ಆದರೂ ಆ ದಿನಗಳಲ್ಲಿ ಅವಳಿಗೆ ಹಸಿವಾಗುತ್ತಿತ್ತು. ಮಲಗಿದರೆ ನಿದ್ದೆ ಬರುತ್ತಿತ್ತು. ಗಂಡ ಒಮ್ಮೆ ಕನಸಿನಲ್ಲಿ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಪುರಿ ತಿಂದು ಹೋದ. ಕೊಳಲು ತಂದಿರಲಿಲ್ಲ.

ಹುಣ್ಣಿಮೆಯ ಸಂಜೆ ಮಂಟಪ ತುಂಬಿರಲಿಲ್ಲ. ಆದರೆ ಜನ ಹರಡಿ ಕೂರುವ ಅವಶ್ಯಕತೆಯೂ ಇರಲಿಲ್ಲ. ಕೆಮ್ಮುವವರು ಬಂದಿದ್ದರು. ಒಂದು ಕೂಸು ತಾಯಿಯ ಮಡಿಲಲ್ಲಿ ಬೆರಳು ಚೀಪುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ವೀಣೆಯಜ್ಜ ಮಂಟಪಕ್ಕೆ ಬೆನ್ನು ಮಾಡಿ ಕೂತಿದ್ದ, ಕೋಲು ಕೈಯಲ್ಲಿತ್ತು. ತಾಳ ಹಾಕುವ ಕೆಲಸ ಪಿಟೀಲಿನವಳಿಗೇ ಬಂದಿತ್ತು. ಕಮಾನು ಅಲ್ಲಾಡಿಸಿ ಅವಳು ಸನ್ನೆ ಮಾಡಿದಳು.

ಶುರುವಾಯಿತು. ಮೊದಲು ಚೆನ್ನಾಗಿಯೇ ಹೋಯಿತು. ತಂಬೂರಿಯವನ ಮೌನ ಬಂದಾಗ ಹೊಸಬರೂ ಉಸಿರು ಹಿಡಿದು ಕೂತರು. ಕೂಸೂ ಸುಮ್ಮನಿತ್ತು. ಹೊರಗಿನಿಂದ ಠಕ್ ಎಂದು ಕಲ್ಲಿನ ಸದ್ದು ಬಂತು, ಮೇಳ ಎದ್ದಿತು. ಎದ್ದದ್ದೇ ತಡ, ಹೊಸ ಜಾಗಟೆಯವನು ಒಂದು ಏಟು ಮೊದಲೇ ಹಾಕಿದ. ಅವನನ್ನು ಹಿಡಿಯಲು ಮದ್ದಳೆ ಓಡಿತು, ಮದ್ದಳೆಯನ್ನು ನೋಡಿ ಸೊಸೆ ತನ್ನದಲ್ಲದ ಕಡೆ ದನಿ ಎತ್ತಿದಳು. ತನ್ನ ಸರದಿ ಬಂತೆಂದುಕೊಂಡು ಅಂಬಿಗ ಕೆನ್ನೆ ಉಬ್ಬಿಸಿ ಶಂಖ ಊದಿಬಿಟ್ಟ. ಎಲ್ಲವೂ ಒಂದರ ಮೇಲೊಂದು ಬಿದ್ದು ನಿಂತಿತು.

ಕೃತಿ ನಡುವೆ ನಿಂತಿತ್ತು. ಎಲ್ಲರೂ ಊರ ಹಿರಿಯನ ಕಡೆ ನೋಡಿದರು. ಅವನು ಕಂಬಕ್ಕೊರಗಿ ಕೂತು, ಇದರಲ್ಲಿ ತನ್ನದೇನೂ ಇಲ್ಲವೆಂಬಂತೆ ಮೇಲುಹೊದಿಕೆಯ ಅಂಚು ಸರಿಮಾಡಿಕೊಳ್ಳುತ್ತಿದ್ದ. ಜಾಗಟೆಯವನ ಕಣ್ಣಲ್ಲಿ ನೀರು ತುಂಬಿತ್ತು.

"ತಪ್ಪಾಯ್ತು ಅಕ್ಕ" ಎಂದ.

"ಆಯ್ತು. ಅದಕ್ಕೇನೀಗ?" ಎಂದಳು ಪಿಟೀಲಿನವಳು. ಸೆರಗಿನಿಂದ ಮುಖ ಒರೆಸಿಕೊಂಡು, ಸಡಿಲವಾಗಿದ್ದ ತಂತಿಯನ್ನು ಬಿಗಿ ಮಾಡಿಕೊಂಡಳು. ಎಲ್ಲರ ಮುಖಗಳನ್ನೂ ಒಂದು ಸುತ್ತು ನೋಡಿದಳು.

"ಮೊದಲಿಂದ" ಎಂದಳು.

ಆಗ ತಾನೇ ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದವರು ಮುಖ ಮುಖ ನೋಡಿಕೊಂಡರು. ತಡವಾಗಿ ಬಂದರೂ ಏನೂ ತಪ್ಪಿಹೋಗಲಿಲ್ಲವಲ್ಲ ಎಂದು ಖುಷಿಯಾಗಿ, ಒಬ್ಬರನ್ನೊಬ್ಬರು ಸರಿಸಿಕೊಂಡು ಕೂತರು.